ಉಸಿರಿನಿಂದ ಮೂಡುವ ಜೇನುಗೂಡು

ಚಳಿಗಾಲದ ಬೆಳಗಿನಲ್ಲಿ ಕಿಟಕಿಯ ಗಾಜಿಗೆ ಬಾಯುಸಿರು ಊದಿ, ಮಬ್ಬುಗಟ್ಟಿದ ಅದರ ಮೇಲೆ ಬೆರಳಿನಿಂದ ಹೆಸರು ಬರೆಯದ ಮಗು ಉಂಟೆ? ಹಿರಿಯರು ಸೆರಗಿನಿಂದ ಒರೆಸಿಬಿಡುವ ಆ ಮಬ್ಬನ್ನೇ ಕುರಿತು ಇಂಗ್ಲೆಂಡಿನ ಲಾರ್ಡ್ ರೇಲೀ 1911ರಲ್ಲಿ ಲೇಖನ ಬರೆದನು. ಗಾಜಿನ ಮೇಲೆ ಬೆಂಕಿಯ ನಾಲಗೆಯನ್ನು ಹಾಯಿಸಿ, ಆರಿದ ಮೇಲೆ ಉಸಿರೂದಿದರೆ, ಜ್ವಾಲೆ ಸೋಕಿದ ಜಾಡಿನಲ್ಲಿ ನೀರು ಹನಿಗಟ್ಟದೆ ಪೊರೆಯಾಗಿ ಹರಡುತ್ತದೆ; ಉಳಿದೆಡೆ ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಸ್ಕಾಟ್ಲೆಂಡಿನ ಜಾನ್ ಏಟ್ಕನ್ ಇದನ್ನು ಮೊದಲೇ ಗಮನಿಸಿದ್ದನು. ಇವಕ್ಕೆ ‘ಉಸಿರಿನ ಚಿತ್ರ’ಗಳೆಂದು ಹೆಸರಾಯಿತು.

ಈ ಚಿತ್ರಗಳಿಗೆ ಯಾರೂ ಎಣಿಸದಿದ್ದ ಉಪಯೋಗವೊಂದು 1994ರಲ್ಲಿ ಕಂಡಿತು. ಫ್ರಾನ್ಸಿನ ವಿಡಾವ್ಸ್ಕಿ, ರಾವಿಸೋ, ಫ್ರಾಂಸ್ವಾ ಎಂಬ ಮೂವರು ಪಾಲಿಸ್ಟೈರೀನ್ ಎಂಬ ಪಾಲಿಮರನ್ನು ಕಾರ್ಬನ್ ಡೈಸಲ್ಫೈಡಿನಲ್ಲಿ ಕರಗಿಸಿ, ತೆಳ್ಳಗೆ ಹರಡಿ, ತೇವದ ಗಾಳಿಯಲ್ಲಿ ಆರಿಸಿದರು. ದ್ರಾವಕವು ಭರದಿಂದ ಆವಿಯಾಗುವಾಗ ದ್ರಾವಣದ ಮೈ ತಣ್ಣಗಾಗುತ್ತದೆ, ಬೆವರು ಆರುವಾಗ ನಮ್ಮ ಮೈ ತಂಪಾಗುವಂತೆ. ಆ ತಂಪಿಗೆ ಗಾಳಿಯ ತೇವವು ಇಬ್ಬನಿಯಾಗಿ ಕೂಡುತ್ತದೆ. ಹನಿಗಳು ಬೆಳೆಯುತ್ತವೆ, ತೇಲುತ್ತ ಬಂದು ಒತ್ತೊತ್ತಾಗಿ ನಿಲ್ಲುತ್ತವೆ; ಆದರೆ ಒಂದರೊಳಗೊಂದು ಸೇರುವುದಿಲ್ಲ. ಪ್ರತಿಯೊಂದು ಹನಿಯ ಸುತ್ತಲೂ ಪಾಲಿಮರು ಕೆನೆಗಟ್ಟಿ ಬೇಲಿಯಾಗಿರುತ್ತದೆ. ಸಮಗಾತ್ರದ ಗುಂಡುಗಳನ್ನು ತಟ್ಟೆಯಲ್ಲಿ ಅಲುಗಿಸಿದರೆ ಒಂದರ ಸುತ್ತ ಆರು ಕೂಡುವಂತೆ ಈ ಹನಿಗಳೂ ಸಾಲುಗೂಡುತ್ತವೆ. ಕೊನೆಗೆ ದ್ರಾವಕವೂ ಹೋಗಿ ನೀರೂ ಆರಿದಾಗ, ಹನಿ ಇದ್ದೆಡೆಯಲ್ಲೆಲ್ಲ ಕುಳಿ ಉಳಿಯುತ್ತದೆ. ಇದೇ ಜೇನುಗೂಡು! ಅಚ್ಚನ್ನು ಕೊರೆದವರಿಲ್ಲ, ಅಚ್ಚಾಗಿದ್ದ ನೀರೂ ಮಾಯ.

ಮೋಹನ್ ಶ್ರೀನಿವಾಸರಾವ್ ಮತ್ತು ಸಂಗಡಿಗರು 2001ರಲ್ಲಿ, ಬೀಸುವ ಗಾಳಿಯ ವೇಗವನ್ನು ಬದಲಿಸಿ ಕುಳಿಗಳ ಗಾತ್ರವನ್ನು ಹಿಗ್ಗಿಸಲೂ ಕುಗ್ಗಿಸಲೂ ಬಹುದೆಂದು ತೋರಿಸಿದರು. ದ್ರಾವಕವು ನೀರಿಗಿಂತ ಹಗುರವಾದರೆ ಹನಿಗಳು ಮುಳುಗಿ, ಅವುಗಳ ಮೇಲೆ ಮತ್ತೊಂದು ಸಾಲು ಹುಟ್ಟಿ, ಅಂತಸ್ತಿನ ಮೇಲೆ ಅಂತಸ್ತು ಏಳುತ್ತದೆ. ಕುಳಿಯಿಂದ ಕುಳಿಗೆ 6 ಮೈಕ್ರಾನ್ ದೂರವಿದ್ದರೆ, ಒಂದು ಚದರ ಮಿಲಿಮೀಟರಿನಷ್ಟು ಜಾಗದಲ್ಲಿ ಸುಮಾರು 32,000 ಕುಳಿಗಳು ಹಿಡಿಯುತ್ತವೆ.

ಇಷ್ಟು ಕುಳಿಗಳಲ್ಲಿ ತುಂಬುವುದೇನನ್ನು? ರೋಗಪರೀಕ್ಷೆಯ ಮಾತು ಬರುವುದು ಇಲ್ಲಿ. 1971ರಲ್ಲಿ ಸ್ವೀಡನ್ನಿನಲ್ಲಿ ಎಂಗ್ವಾಲ್ ಮತ್ತು ಪರ್ಲ್‌ಮನ್ನರು ಪ್ರಕಟಿಸಿದ ಎಲೈಸಾ ವಿಧಾನದಲ್ಲಿ ರಕ್ತದೊಳಗಿನ ರೋಗದ ಗುರುತನ್ನು ಹಿಡಿಯುವುದು ಪ್ರೋಟೀನು. ಇಂದು ಅದಕ್ಕೆ ಬಳಸುವ 96 ಗುಣಿಗಳ ತಟ್ಟೆಯೂ ಬಹುಮಟ್ಟಿಗೆ ಪಾಲಿಸ್ಟೈರೀನಿನದೇ. ಗುಣಿ ಕಿರಿದಾದಷ್ಟೂ ಬೇಕಾಗುವ ರಕ್ತ ಕಡಮೆ. ಎಳೆಗೂಸಿನ ಹಿಮ್ಮಡಿಯಿಂದ ಒಂದು ತೊಟ್ಟು ತೆಗೆಯುವಾಗ ತಾಯಿಯ ಮುಖ ನೋಡಿದವರಿಗೆ ಇದರ ಬೆಲೆ ತಿಳಿದೀತು. ಬೆಳಕಿನಿಂದಲೂ ಇಂಥ ಕುಳಿಗಳನ್ನು ಕೆತ್ತಬಹುದು. ಆದರೆ ಅದಕ್ಕೆ ಧೂಳಿಲ್ಲದ ಕೋಣೆ, ದುಬಾರಿ ಯಂತ್ರಗಳು ಬೇಕು. ಉಸಿರಿನ ಚಿತ್ರಕ್ಕೆ ಸಾಕಾಗುವುದು ತೇವದ ಗಾಳಿ.

ಆದರೂ ಪ್ರೋಟೀನು ಸುಲಭಕ್ಕೆ ಒಗ್ಗುವ ಅತಿಥಿಯಲ್ಲ. ಅದರ ಗುಣವೆಲ್ಲ ಅದರ ಮಡಿಕೆಯಲ್ಲಿದೆ. ಬೇಯಿಸಿದ ಮೊಟ್ಟೆಯ ಬಿಳಿಯಂತೆ ಮಡಿಕೆ ಕೆಟ್ಟರೆ ಅದು ಕೆಲಸಕ್ಕೆ ಬಾರದು. ಪಾಲಿಸ್ಟೈರೀನಿಗೆ ಸುಮ್ಮನೆ ಅಂಟಿಸಿದರೂ ಅದರಲ್ಲಿ ಒಂದು ಪಾಲು ಕೆಡುವುದುಂಟು. ಇನ್ನೊಂದು ತೊಡಕು: ನೀರಿನಲ್ಲಿ ಕರಗಿದ ಪ್ರೋಟೀನನ್ನು ಪೊರೆಯ ಮೇಲೆ ಸುರಿದರೆ, ಕುಳಿಯೊಳಗೆ ಸಿಕ್ಕಿಬಿದ್ದ ಗಾಳಿ ನೀರನ್ನು ಒಳಗೆ ಬಿಡುವುದಿಲ್ಲ, ಕೆಸುವಿನೆಲೆಯ ಮೇಲಿನಂತೆ ಹನಿ ಹೊರಗೇ ನಿಲ್ಲುತ್ತದೆ. ಮೊದಲು ಆಲ್ಕೋಹಾಲಿನಿಂದ ಒದ್ದೆ ಮಾಡುವುದು ಒಂದು ಉಪಾಯ.

ಇದಕ್ಕಿಂತ ಜಾಣತನದ ಉಪಾಯವೆಂದರೆ, ಪಾಲಿಮರಿನ ತುದಿಗೆ ನೀರನ್ನು ಮೆಚ್ಚುವ ಭಾಗವೊಂದನ್ನು ಜೋಡಿಸುವುದು. ಪೊರೆ ಆರುವಾಗ ಆ ಭಾಗವು ತಾನಾಗಿ ಹನಿಯ ಕಡೆಗೆ ಮುಖಮಾಡಿ, ಮುಂದೆ ಕುಳಿಯ ಒಳಗೋಡೆಯಾಗುತ್ತದೆ. ಅಲ್ಲಿ ಬಯೋಟಿನ್ ಎಂಬ ಜೀವಸತ್ವವನ್ನು ಕಟ್ಟಿದರೆ, ಹಸಿ ಮೊಟ್ಟೆಯ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಈ ನಂಟು ಒಮ್ಮೆ ಬೆಳೆದರೆ ಬಿಡಿಸುವುದು ಬಲು ಕಷ್ಟ. ಹೀಗೆ ಕೂತ ಅವಿಡಿನ್ನಿಗೆ, ಬಯೋಟಿನ್ ತೊಟ್ಟ ಬೇರೆ ಪ್ರೋಟೀನುಗಳನ್ನು ಪೋಣಿಸಬಹುದು.

ಪೊರೆಯನ್ನು ಒಣಗಿಸಿ ಇಡುವಾಗ ಮಡಿಕೆ ಕೆಡದಂತೆ ಟ್ರೆಹಲೋಸ್ ಎಂಬ ಸಕ್ಕರೆಯನ್ನು ಬೆರೆಸುವ ವಾಡಿಕೆಯೂ ಇದೆ. ಇಷ್ಟಾದರೂ ಹವೆಯ ಕಾಟ ತಪ್ಪದು: ಒಣಹವೆಯ ದಿನ ತಯಾರಿಸಿದರೆ ಇಬ್ಬನಿಯೇ ಕೂಡದೆ ಪೊರೆ ಕುಳಿಗಳಿಲ್ಲದೆ ನುಣುಪಾಗಿಬಿಡುತ್ತದೆ. ಆದುದರಿಂದಲೇ ಪ್ರಯೋಗಶಾಲೆಗಳಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ, ತೇವವನ್ನು ಅಳೆಯುವ ಮಾಪಕವನ್ನಿಟ್ಟು, ನೀರಿನ ಮೂಲಕ ಹಾಯಿಸಿದ ಗಾಳಿಯನ್ನು ಹದವರಿತು ಬಿಡುತ್ತಾರೆ.