ಎರೆಹೊಲದ ಬೇರಿನಲ್ಲಿ ಹೆಸರಿಲ್ಲದ ಒಕ್ಕಲು

ಹೊಸ ಜೀವಿಯೊಂದು ಪತ್ತೆಯಾಯಿತು ಎಂದರೆ ಅದು ಪಶ್ಚಿಮಘಟ್ಟದ ಕಪ್ಪೆಯೋ ಆರ್ಕಿಡ್ಡೋ ಇರಬೇಕೆಂದು ನಾವು ಮೊದಲೇ ತೀರ್ಮಾನಿಸಿರುತ್ತೇವೆ. ಸೊಲ್ಲಾಪುರ, ಅಕ್ಕಲಕೋಟದ ಎರೆಹೊಲ ಈ ಲೆಕ್ಕಕ್ಕೇ ಬರುವುದಿಲ್ಲ. ತಲೆತಲಾಂತರದಿಂದ ರಂಟೆ ಹೊಡೆದು, ಹರಗಿ, ಜೋಳ ಬಿತ್ತಿದ ನೆಲದಲ್ಲಿ ಇನ್ನೇನು ಹೊಸದು ಉಳಿದೀತು? ಆದರೆ ಬೇರಿನೊಳಗೆ ಒಕ್ಕಲಾಗಿರುವ ಶಿಲೀಂಧ್ರಗಳ ಮಟ್ಟಿಗೆ ಈ ಎಣಿಕೆ ತಲೆಕೆಳಗು.

ಕೃಷಿ ಇಲಾಖೆಯವರ ಬಾಯಲ್ಲಿ ಇವು ‘ವ್ಯಾಮ್’, ಪುಸ್ತಕದಲ್ಲಿ ಮೈಕೊರೈಜಾ. ಜೋಳ, ತೊಗರಿ, ಕಡಲೆ, ದಾಳಿಂಬೆ ಎಲ್ಲಕ್ಕೂ ಇವುಗಳ ನಂಟಿದೆ. ಸಾಸಿವೆಯ ಕುಲ ಮಾತ್ರ ಹತ್ತಿರ ಸೇರಿಸುವುದಿಲ್ಲ. ಎರೆಮಣ್ಣಿನಲ್ಲಿ ಇರುವ ರಂಜಕವೂ ಸುಣ್ಣದ ಜೊತೆ ಗಂಟುಬಿದ್ದು ಗಿಡದ ಕೈಗೆ ಸಿಗುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರನ್ನು ಬರಿದು ಮಾಡಿ ಸುಮ್ಮನಾದರೆ, ಶಿಲೀಂಧ್ರದ ಎಳೆ ಅದರಾಚೆ ಸೆಂಟಿಮೀಟರುಗಟ್ಟಲೆ ಹರಿದು ರಂಜಕ ತಂದುಕೊಡುತ್ತದೆ. ಕೂಲಿಗೆ ಸಕ್ಕರೆ, ಕೊಬ್ಬು. ಸ್ಕಾಟ್ಲೆಂಡಿನ ರೈನಿಯಲ್ಲಿ ಸಿಕ್ಕ 40 ಕೋಟಿ ವರ್ಷ ಹಳೆಯ ಸಸ್ಯಾವಶೇಷದಲ್ಲೂ ಈ ಕೊಡುಕೊಳ್ಳುವಿಕೆಯ ಗುರುತಿದೆ. ಇಷ್ಟಿದ್ದೂ ಜಗತ್ತಿನಲ್ಲಿ ಹೆಸರು ಪಡೆದ ಜಾತಿಗಳು 300 ಚಿಲ್ಲರೆ. ಮಣ್ಣಿನ ಡಿಎನ್‌ಎ ಓದಿದಾಗಲೆಲ್ಲ ಯಾವ ಹೆಸರಿಗೂ ಹೊಂದದ ಗುರುತುಗಳು ಸಿಗುತ್ತಲೇ ಇವೆ.

ಹೆಸರಿಡುವುದು ಯಾಕಿಷ್ಟು ಕಷ್ಟ? ಜೀವಂತ ಬೇರಿಲ್ಲದೆ ಇವು ಬೆಳೆಯುವುದಿಲ್ಲ. ಹಾಗಾಗಿ ಮಣ್ಣಿನಿಂದಲೇ ಬೀಜಕ ಹೆಕ್ಕಬೇಕು. ಅದಕ್ಕೆ 1963ರಲ್ಲಿ ವಿಜ್ಞಾನಿಗಳಾದ ಗೆರ್ಡೆಮನ್ ಮತ್ತು ನಿಕೋಲ್ಸನ್ ತೋರಿಸಿದ ದಾರಿಯನ್ನೇ ಇಂದಿಗೂ ಹಿಡಿಯುತ್ತಾರೆ. ಬೇರಿನ ಬುಡದ ಮಣ್ಣನ್ನು ಬಕೆಟ್ ನೀರಿನಲ್ಲಿ ಕಲಕಿ, ಮರಳು ತಳ ಸೇರಲು ಕೆಲವು ಕ್ಷಣ ಬಿಟ್ಟು, ಮೇಲಿನ ನೀರನ್ನು ಒಂದರ ಕೆಳಗೊಂದಿಟ್ಟ ಜರಡಿಗಳಿಗೆ ಬಸಿಯಬೇಕು. ಮಸಾರಿ ಮಣ್ಣು ಸಲೀಸಾಗಿ ಇಳಿಯುತ್ತದೆ. ಎರೆ ಹಾಗಲ್ಲ, ಅದರ ಅಂಟುಜೇಡಿ ಜರಡಿಯ ಕಣ್ಣು ಕಟ್ಟಿಬಿಡುತ್ತದೆ. ಉಳಿದ ಗಸಿಯಲ್ಲಿ ಬಿಳಿ, ಹಳದಿ, ಕಂದು ಬಣ್ಣದ ಗುಂಡನೆಯ ಬೀಜಕಗಳು, ಗಸಗಸೆಗಿಂತ ಸಣ್ಣವು. ಒಂದೊಂದನ್ನೇ ಸೂಜಿಯಿಂದ ಹೆಕ್ಕಿ, ಗಾಜಿನಡಿ ಮೆಲ್ಲನೆ ಒತ್ತಿ ಒಡೆದರೆ ಗೋಡೆಯ ಪದರಗಳು ಬಿಚ್ಚಿಕೊಳ್ಳುತ್ತವೆ. ಎಷ್ಟು ಪದರ, ಯಾವುದು ಬಣ್ಣ ತಿರುಗುತ್ತದೆ, ಎಳೆ ಎಲ್ಲಿ ಅಂಟಿದೆ ಎಂಬುದರಲ್ಲಿ ಜಾತಿಯ ಕುರುಹು. ಹೊಲದ ಬೀಜಕ ಹಳತಾಗಿ ಕುರುಹು ಅಳಿಸಿರುವುದೇ ಹೆಚ್ಚು. ಅದಕ್ಕೇ ಆ ಮಣ್ಣನ್ನು ಕುಂಡಕ್ಕೆ ಹಾಕಿ, ಗಿಡ ಬೆಳೆಸಿ, ತಿಂಗಳುಗಟ್ಟಲೆ ಕಾದು ಹೊಸ ಬೀಜಕ ಪಡೆಯುತ್ತಾರೆ. ಈ ಶಿಲೀಂಧ್ರಗಳನ್ನು ಕಾಪಿಡುವ ಅಮೆರಿಕದ ದೊಡ್ಡ ಸಂಗ್ರಹದಲ್ಲಿ ಈ ಕೆಲಸಕ್ಕೆ ಬಳಸುವುದು ಸುಡಾನ್ ಹುಲ್ಲನ್ನು. ಅದು ನಮ್ಮ ಜೋಳದ ಹತ್ತಿರದ ನೆಂಟ.

ಹೆಸರು ಪಡೆದವುಗಳಲ್ಲಿ ಒಂದಕ್ಕೆ ಕನ್ನಡನಾಡಿನ ಸಂಬಂಧವಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದ್ದು ವ್ಯಾಮ್ ಬೆನ್ನುಹತ್ತಿದ ಡಿ.ಜೆ. ಭಾಗ್ಯರಾಜ್ ಅವರ ಹೆಸರಲ್ಲಿ 1997ರಲ್ಲಿ ‘ಗ್ಲೋಮಸ್ ಭಾಗ್ಯರಾಜಿ’ ಪ್ರಕಟವಾಯಿತು.

ಜೋಳದ ನಾಡಿಗೆ ಸಂಬಂಧಿಸಿದ ಇನ್ನೊಂದು ಕತೆ ಸ್ವಾರಸ್ಯದ್ದು. ಬೇರು ಸ್ರವಿಸುವ ಸ್ಟ್ರೈಗೊಲ್ಯಾಕ್ಟೋನ್ ಎಂಬ ರಾಸಾಯನಿಕದಿಂದ, ಜೋಳದ ರಸ ಹೀರುವ ಸ್ಟ್ರೈಗಾ ಕಸದ ಬೀಜ ಮೊಳೆಯುತ್ತದೆಂದು 1966ರಿಂದಲೇ ಗೊತ್ತಿತ್ತು. ಶತ್ರುವನ್ನು ತಾನೇ ಎಬ್ಬಿಸುವ ದಡ್ಡತನ ಗಿಡಕ್ಕೇಕೆ? 2005ರಲ್ಲಿ ಜಪಾನಿನ ಅಕಿಯಾಮ ತಂಡ ಉತ್ತರ ಕೊಟ್ಟಿತು: ಕರೆ ಹೋಗಿದ್ದು ಶಿಲೀಂಧ್ರಕ್ಕೆ, ಕಸ ಕದ್ದು ಕೇಳುತ್ತದೆ.

ಆದರೆ ಸೊಲ್ಲಾಪುರದ ಮಟ್ಟಿಗೆ ನನಗೆ ಮುಖ್ಯವೆನಿಸುವುದು ಹೊಲ ಖಾಲಿ ಬಿದ್ದಿರುವ ಕಾಲ. ಹಿಂಗಾರಿಯಲ್ಲಿ ಮಾಲದಂಡಿ ಜೋಳ ಬಿತ್ತುವ ಎರೆಯನ್ನು ಮುಂಗಾರಿಯುದ್ದಕ್ಕೂ ಬರಿದಾಗಿಟ್ಟು ಹರಗುವುದು ವಾಡಿಕೆ. ತೇವ ಹಿಡಿಯಲು ಅದು ಸರಿಯೇ. 1933ರಲ್ಲಿ ಶುರುವಾದ ಇಲ್ಲಿನ ಒಣಬೇಸಾಯ ಸಂಶೋಧನೆಯೂ ತೇವದ ಹಿಂದೆಯೇ ಬಿದ್ದಿತ್ತು. ಬೇರಿಲ್ಲದ ಆ ತಿಂಗಳುಗಳಲ್ಲಿ ಶಿಲೀಂಧ್ರಕ್ಕೆ ಮಾತ್ರ ಉಪವಾಸ. ಆಸ್ಟ್ರೇಲಿಯಾದ ಡಾರ್ಲಿಂಗ್ ಡೌನ್ಸ್‌ನದೂ ಇಂಥದೇ ಕರಿಮಣ್ಣು. ಅಲ್ಲಿ ದೀರ್ಘಕಾಲ ಬೀಳುಬಿಟ್ಟ ಹೊಲದಲ್ಲಿ ತೇವವಿದ್ದೂ ಸೂರ್ಯಕಾಂತಿ ಸೊರಗಿತು. ವ್ಯಾಮ್ ಕ್ಷೀಣಿಸಿ ರಂಜಕ ಸಾಲದಾದದ್ದೇ ಕಾರಣವೆಂದು ವಿಜ್ಞಾನಿ ಥಾಂಪ್ಸನ್ 1987ರಲ್ಲಿ ತೋರಿಸಿದರು.

ಅಂಗಡಿಯ ವ್ಯಾಮ್ ಪೊಟ್ಟಣ ತಂದು ಸುರಿಯುವ ಮೊದಲು ನಮ್ಮ ಎರೆಯಲ್ಲಿ ಬರಗಾಲ ತಡೆದು ಉಳಿದವರು ಯಾರೆಂದು ನೋಡುವುದು ಮೇಲು. ಅಕ್ಕಲಕೋಟದ ಮುಂಗಾರಿ ತೊಗರಿ ಹೊಲದ ಮಣ್ಣು, ಹರಗಿಟ್ಟ ಹಿಂಗಾರಿ ಹೊಲದ ಮಣ್ಣು, ಎರಡನ್ನೂ ಒಂದೇ ದಿನ ತೆಗೆದು ಪಕ್ಕಪಕ್ಕದ ಕುಂಡಗಳಲ್ಲಿ ಮಾಲದಂಡಿ ಬಿತ್ತಿ ನೋಡಲು ದೊಡ್ಡ ಅನುದಾನವೇನೂ ಬೇಡ. ಜರಡಿ, ಸೂಕ್ಷ್ಮದರ್ಶಕ, ಒಂದು ಹಂಗಾಮಿನ ತಾಳ್ಮೆ ಇದ್ದರೆ ಯಾವ ಕಾಲೇಜಿನ ಸಸ್ಯಶಾಸ್ತ್ರ ವಿಭಾಗವೂ ಶುರುಮಾಡಬಹುದು. ಸಿಕ್ಕಿದ್ದು ಹೊಸತೆಂದು ಸಾಧಿಸಲು ಡಿಎನ್‌ಎ ಬೇಕು. ಅದು ಆಮೇಲಿನ ಮಾತು.