ವಿಚ್ಛೇದನವೂ ವಾಸದ ಹಕ್ಕೂ

ಪ್ರಶ್ನೆ: ಭಾರತೀಯನನ್ನು ವರಿಸಿ ನಾಸಿಕದಲ್ಲಿ ನೆಲಸಿದ ವಿದೇಶೀ ಮಹಿಳೆ ವಿಚ್ಛೇದನಾನಂತರ ದೇಶ ತೊರೆಯಲೇಬೇಕೆ?

ಉತ್ತರ: ನಾಸಿಕದ ಅಥವಾ ಛತ್ರಪತಿ ಸಂಭಾಜಿನಗರದ ಕುಟುಂಬ ನ್ಯಾಯಾಲಯವು ವಿವಾಹವನ್ನು ವಿಸರ್ಜಿಸಿದ ಮಾತ್ರಕ್ಕೆ ಎಲ್ಲ ದ್ವಾರಗಳೂ ಮುಚ್ಚುವುದಿಲ್ಲವಾದರೂ, ಆಕೆ ಯಾವ ಆಧಾರದಿಂದ ಇಲ್ಲಿರುವಳೆಂಬುದೇ ನಿರ್ಣಾಯಕವಾದುದು. 1955ರ ಪೌರತ್ವ ಅಧಿನಿಯಮದ ಮೇರೆಗೆ, ಪತಿಯ ಸಂಬಂಧದಿಂದ ದೊರೆತ ಒಸಿಐ ಕಾರ್ಡನ್ನು, ಎಂದರೆ ಸಾಗರೋತ್ತರ ಪೌರತ್ವದ ಪತ್ರವನ್ನು, ಕೇಂದ್ರ ಸರಕಾರವು ಆಕೆಯ ಅಹವಾಲನ್ನು ಆಲಿಸಿದ ತರುವಾಯ ರದ್ದುಗೊಳಿಸಬಹುದು. ಮನೆಯನ್ನೂ ಮಕ್ಕಳನ್ನೂ ಇಲ್ಲಿಯೇ ಬೆಳೆಸಿದವಳಿಗೆ ಇದು ಕಠೋರವೆಂದೇ ನನ್ನ ಭಾವನೆ. ಆದರೆ ಏಳು ವರ್ಷಗಳ ವಾಸದ ಬಳಿಕ, ದಾಂಪತ್ಯವು ಊರ್ಜಿತವಾಗಿದ್ದಾಗಲೇ, ನೋಂದಣಿಯಿಂದ ಪೂರ್ಣ ಪೌರತ್ವವನ್ನು ಪಡೆದಿದ್ದರೆ ವಿಚ್ಛೇದನವು ಅದನ್ನು ಅಪಹರಿಸದು. ಉಳಿದವರು ಯೋಗ್ಯತೆಯಿದ್ದಲ್ಲಿ ಉದ್ಯೋಗದ ಅಥವಾ ವ್ಯಾಸಂಗದ ವೀಸಾವನ್ನು ಕೋರಬಹುದು. ಅವಧಿ ಮುಗಿಯುವ ಮುನ್ನವೇ ವಿದೇಶೀಯರ ನೋಂದಣಾಧಿಕಾರಿಗೆ ತಮ್ಮ ಸ್ಥಿತಿಯನ್ನು ಲಿಖಿತವಾಗಿ ನಿವೇದಿಸತಕ್ಕದ್ದು.