ಮಾರ್ಪಡಿಸಿದ ಹಳೆಯ ವಾಹನಗಳು ಮತ್ತು ಚಕ್ರದ ಬೇರಿಂಗ್‌ಗಳ ಜೋಪಾನ

ದೆಹಲಿಯಲ್ಲಿ ನೆಲೆಸಿದ ಹಿರಿಯ ಕನ್ನಡಿಗರಿಗೆ ‘ಫಟ್‌ಫಟಿ’ಯ ನೆನಪು ಮಾಸಿರಲಾರದು. ಎರಡನೆಯ ಮಹಾಯುದ್ಧದ ತರುವಾಯ ಉಳಿದ ಹಾರ್ಲೆ-ಡೇವಿಡ್‌ಸನ್ ಮೋಟಾರ್ ಸೈಕಲ್ಲುಗಳ ಹಿಂಬದಿಗೆ ಎರಡು ಚಕ್ರಗಳ ಗಾಡಿಯನ್ನು ಜೋಡಿಸಿ ರೂಪಿಸಿದ ಆ ವಾಹನಗಳು ಚಾಂದನಿ ಚೌಕದ ಸುತ್ತಮುತ್ತ ದಶಕಗಳ ಕಾಲ ಜನರನ್ನು ಹೊತ್ತು ತಿರುಗಿ, ಮಾಲಿನ್ಯದ ಕಾರಣದಿಂದ 1998ರಲ್ಲಿ ರಸ್ತೆಯಿಂದ ಮರೆಯಾದವು. ಆದರೆ ದ್ವಿಚಕ್ರ ವಾಹನಕ್ಕೆ ಹೆಚ್ಚುವರಿ ಚಕ್ರಗಳನ್ನು ಜೋಡಿಸುವ ಪರಿಪಾಠ ಮರೆಯಾಗಿಲ್ಲ. ನಮ್ಮ ನಡುವಿನ ವಿಕಲಚೇತನ ಬಾಂಧವರು ಕಚೇರಿಗೂ ಪೇಟೆಗೂ ಇಂಥ ಸ್ಕೂಟರುಗಳನ್ನೇ ನೆಚ್ಚಿಕೊಂಡಿದ್ದಾರೆ. 1988ರ ಮೋಟಾರು ವಾಹನ ಕಾಯಿದೆಯಲ್ಲಿದ್ದ ‘ಇನ್‌ವ್ಯಾಲಿಡ್ ಕ್ಯಾರೇಜ್’ ಎಂಬ ಹೆಸರು 2019ರ ತಿದ್ದುಪಡಿಯಲ್ಲಿ ‘ಅಡಾಪ್ಟೆಡ್ ವೆಹಿಕಲ್’ ಎಂದು ಬದಲಾದದ್ದು ಸ್ವಾಗತಾರ್ಹ. ಹೆಸರಿನೊಡನೆ ವಾಹನದ ಆರೋಗ್ಯದ ಕಡೆಗೂ ನಾವು ಗಮನ ಹರಿಸಬೇಕಾಗಿದೆ.

ಚಕ್ರವು ಅಚ್ಚಿನ ಮೇಲೆ ಸರಾಗವಾಗಿ ತಿರುಗಲು ನೆರವಾಗುವುದು ಬೇರಿಂಗ್. ಒಳಬಳೆ ಮತ್ತು ಹೊರಬಳೆಗಳ ನಡುವೆ ಉಕ್ಕಿನ ಗುಂಡುಗಳಿರುವ ಈ ಪುಟ್ಟ ಸಾಧನವು ಮುಖ್ಯವಾಗಿ ಮೇಲಿನಿಂದ ಬೀಳುವ ಭಾರವನ್ನು ಹೊರಲೆಂದು ರಚಿತವಾದುದು. ದ್ವಿಚಕ್ರ ವಾಹನವು ತಿರುವಿನಲ್ಲಿ ಒಳಕ್ಕೆ ವಾಲುವುದರಿಂದ ಚಕ್ರಗಳ ಮೇಲೆ ಅಡ್ಡಬಲ ಕಡಿಮೆ. ಪಕ್ಕದ ಚಕ್ರಗಳಿರುವ ವಾಹನ ಹಾಗೆ ವಾಲಲಾರದು. ಪ್ರತಿ ತಿರುವಿನಲ್ಲೂ ಬೇರಿಂಗ್ ಅಡ್ಡಬಲವನ್ನು ಸಹಿಸಬೇಕು. ಅಚ್ಚು ಒಂದೇ ತುದಿಯಲ್ಲಿ ಆಧಾರ ಪಡೆದಿದ್ದರಂತೂ ಬಾಗುವ ಒತ್ತಡವೂ ಸೇರುತ್ತದೆ. ಮುಂಬಯಿ, ಚೆನ್ನೈಗಳ ಮಳೆನೀರು ಒಳಹೊಕ್ಕರೆ ಗ್ರೀಸ್ ಕೆಟ್ಟು ತುಕ್ಕು ಹಿಡಿಯುತ್ತದೆ.

ಪರೀಕ್ಷೆ ಕಠಿಣವಲ್ಲ. ವಾಹನವನ್ನು ಜ್ಯಾಕ್‌ನಿಂದ ಭದ್ರವಾಗಿ ಎತ್ತಿ ನಿಲ್ಲಿಸಿ, ಚಕ್ರದ ಮೇಲ್ತುದಿ ಮತ್ತು ಕೆಳತುದಿಗಳನ್ನು ಹಿಡಿದು ಒಳಹೊರಗೆ ಅಲುಗಾಡಿಸಬೇಕು. ಟಕಟಕ ಎಂದು ಆಡಿದರೆ ಸವೆತವಿದೆಯೆಂದು ಶಂಕಿಸಬೇಕು. ಕೈಯಿಂದ ತಿರುಗಿಸಿದಾಗ ಮರಳು ಸಿಕ್ಕಂತೆ ಒರಟಾಗಿದ್ದರೂ, ವೇಗದೊಡನೆ ಗುಂಯ್‌ಗುಡುವ ಸದ್ದು ಏರಿದರೂ ಮೆಕ್ಯಾನಿಕ್‌ಗೆ ತೋರಿಸುವುದು ಲೇಸು.

ಹೊಸ ಬೇರಿಂಗ್ ಕೊಳ್ಳುವಾಗ ಹಳೆಯದರ ಮೇಲಿನ ಅಂಕಿಯನ್ನು ನೋಡಿಕೊಳ್ಳಬೇಕು. ಉದಾಹರಣೆಗೆ 6202 ಎಂದಿದ್ದರೆ ಒಳವ್ಯಾಸ 15, ಹೊರವ್ಯಾಸ 35, ದಪ್ಪ 11 ಮಿಲಿಮೀಟರ್. ‘2ಆರ್‌ಎಸ್’ ಎಂದರೆ ಎರಡೂ ಬದಿಗೆ ರಬ್ಬರ್ ಸೀಲ್ ಇರುವಂಥದು. ನೀರಿನ ಊರುಗಳಿಗೆ ಇದೇ ಸೂಕ್ತ. ‘ಝಡ್‌ಝಡ್’ ಎಂಬುದರ ಲೋಹದ ಮುಚ್ಚಳ ನೀರನ್ನು ಅಷ್ಟು ತಡೆಯದು. ಹಬ್‌ನಲ್ಲಿರುವ ಎರಡೂ ಬೇರಿಂಗ್‌ಗಳನ್ನು ಒಟ್ಟಿಗೆ ಬದಲಿಸುವುದು ಒಳಿತು. ಅವುಗಳ ನಡುವಿನ ಕೊಳವೆಯನ್ನು ಬಿಟ್ಟುಬಿಡುವಂತಿಲ್ಲ. ಅದಿಲ್ಲದೆ ನಟ್ ಬಿಗಿದರೆ ಒಳಬಳೆಗಳು ಒಂದರತ್ತ ಒಂದು ಎಳೆಯಲ್ಪಟ್ಟು ಬೇರಿಂಗ್ ಬೇಗ ಹಾಳಾಗುತ್ತದೆ. ಹಬ್‌ಗೆ ಕೂರಿಸುವಾಗ ಹೊರಬಳೆಯನ್ನು ಮಾತ್ರ ಒತ್ತಬೇಕು. ಒಳಬಳೆಗೆ ಸುತ್ತಿಗೆಯ ಪೆಟ್ಟು ಬಿದ್ದರೆ ಗುಂಡುಗಳ ಹಾದಿಯಲ್ಲಿ ಕುಳಿ ಮೂಡುತ್ತದೆ. ತೊಳೆಯುವಾಗ ರಭಸದ ನೀರನ್ನು ಹಬ್‌ಗೆ ನೇರವಾಗಿ ಬಿಡಬಾರದು.

ಚಕ್ರ ನಡುದಾರಿಯಲ್ಲಿ ಕೈಕೊಟ್ಟರೆ ಬೇರೆಯವರು ಇಳಿದು ವಾಹನವನ್ನು ತಳ್ಳಿಯಾರು; ಇಂಥ ವಾಹನದ ಸವಾರರಿಗೆ ಆ ಅನುಕೂಲವಿಲ್ಲ. ನೆಲಕ್ಕೆ ಬಗ್ಗಿ ಚಕ್ರ ಪರೀಕ್ಷಿಸುವುದೂ ಅವರಲ್ಲಿ ಅನೇಕರಿಗೆ ಸಾಧ್ಯವಾಗದು. ಆದಕಾರಣ ಮನೆಯ ಅಥವಾ ನೆರೆಯ ತರುಣರು ಮಳೆಗಾಲದ ಮುನ್ನ ಒಮ್ಮೆ, ಅನಂತರ ಒಮ್ಮೆ ಈ ಕಾರ್ಯಕ್ಕೆ ಮುಂದಾಗಬೇಕೆಂದು ನಾವು ಆಶಿಸುತ್ತೇವೆ.